ಐದು ಕೊಡಲಿಗಳ ಕೆಂಪು

"ಗ್ಲೌಸ್ ಹಾಕ್ಕೊಂಡು ತೆಗೀರಿ ಸಂಜೀವಯ್ಯ," ಎಂದು ಡೈರೆಕ್ಟರ್ ವಿಜಯಕುಮಾರ್ ಎರಡನೇ ಸಲ ಹೇಳಿದರು.

ಹಾಕಿಕೊಂಡೇ ಇದ್ದ. ಬಿಳಿ ಬಟ್ಟೆಯ ಆ ಗ್ಲೌಸ್ ಮ್ಯೂಸಿಯಮ್ಮಿಗೆ ಬಂದದ್ದು ಹೋದ ವರ್ಷ, ಈ ಹೊಸ ಡೈರೆಕ್ಟರ ಜೊತೆಯಲ್ಲೇ. ಅದಕ್ಕೂ ಹಿಂದಿನ ಮೂವತ್ತು ವರ್ಷ ಅಟೆಂಡರ್ ಸಂಜೀವಯ್ಯ ಬರಿಗೈಯಲ್ಲೇ ಈ ಬೀಗ ತೆಗೆದಿದ್ದ, ಬರಿಗೈಯಲ್ಲೇ ಧೂಳು ಒರೆಸಿದ್ದ, ಒಂದು ಮಡಕೆಯ ಚೂರೂ ಕೈತಪ್ಪಿ ಬಿದ್ದಿರಲಿಲ್ಲ. ಇಪ್ಪತ್ತೆಂಟು ಜನ ಪ್ರೊಫೆಸರುಗಳ ಎದುರು ಅದನ್ನೆಲ್ಲ ಹೇಳಿಕೊಳ್ಳುವ ಪೈಕಿ ಅವನಲ್ಲ. ಕಲ್ಲಿನ ಕೊಡಲಿಗಳಿದ್ದ ಪೆಟ್ಟಿಗೆಯ ಗಾಜಿನ ಬಾಗಿಲನ್ನು ಮೆಲ್ಲಗೆ ಸರಿಸಿ ಪಕ್ಕಕ್ಕೆ ನಿಂತುಕೊಂಡ.

ಬನಶಂಕರಿಯ ಸಭಾಂಗಣವೊಂದರಲ್ಲಿ ಮೂರು ದಿನದ ಇತಿಹಾಸ ಸಮ್ಮೇಳನ ನಡೆಯುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ಬಂದವರಿಗೆಲ್ಲ ಬಸ್ಸಿನಲ್ಲಿ ಒಂದು ಸುತ್ತು: ಮೊದಲು ಜಯನಗರದ ಈ ಪುಟ್ಟ ಮ್ಯೂಸಿಯಂ, ಆಮೇಲೆ ವಸಂತಪುರದ ಗುಡ್ಡದ ದೇವಸ್ಥಾನ, ಊಟದ ಹೊತ್ತಿಗೆ ವಾಪಸು, ಮೂರು ಗಂಟೆಗೆ ಮತ್ತೆ ಪ್ರಬಂಧಗಳು. ಮೇಲಿನ ಮಹಡಿಯ ಎರಡು ಕೋಣೆಯ ಮ್ಯೂಸಿಯಮ್ಮಿಗೆ ಒಟ್ಟಿಗೆ ಇಷ್ಟು ಜನ ಬಂದದ್ದು ಸಂಜೀವಯ್ಯನ ಸರ್ವೀಸಿನಲ್ಲಿ ಇದೇ ಮೊದಲು. ಸ್ಕೂಲಿನ ಮಕ್ಕಳು ಬರುತ್ತಿದ್ದವು, ಫ್ಯಾನು ಹಾಕಿ ಅನ್ನುತ್ತಿದ್ದವು, ಹೋಗುತ್ತಿದ್ದವು. ಈ ಜನ ಹಾಗಲ್ಲ. ಬಾಗಿಲ ಬಳಿಯ ಒರಳುಕಲ್ಲಿನಿಂದ ಹಿಡಿದು ಗೋಡೆಯ ಮೇಲಿನ ಗಡಿಯಾರದವರೆಗೆ ಎಲ್ಲವನ್ನೂ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡುತ್ತಿದ್ದರು. ಅವರಲ್ಲೂ ಧಾರವಾಡದಿಂದ ಬಂದಿದ್ದ ನಿವೃತ್ತ ಮೇಷ್ಟ್ರು ಗುರುಶಾಂತಪ್ಪನವರದು ಹೇಳಿ ತೀರದ ಕುತೂಹಲ. ಬಂದ ಹತ್ತು ನಿಮಿಷದಲ್ಲಿ ಅವರು ಸಂಜೀವಯ್ಯನಿಂದ ಕಟ್ಟಡದ ವಯಸ್ಸು, ಕಿಟಕಿಯ ಮರ, ಅವನ ಸಂಬಳದ ಗ್ರೇಡು, ಬಾತ್‌ರೂಮಿನ ದಾರಿ ಎಲ್ಲವನ್ನೂ ತಿಳಿದುಕೊಂಡಿದ್ದರು.

"ಅಲ್ರೀ, ಕೊಡಲಿ ಅಂತೀರಿ, ಹಿಡಿ ಎಲ್ಲಿ?" ಎಂದು ಈಗ ಕೇಳಿದರು.

"ಕಟ್ಟಿಗೆ ಹಿಡಿ ಇರ್ತಿತ್ತು ಸರ್. ಅದು ಯಾವತ್ತೋ ಮಣ್ಣಾಯ್ತು. ಕಲ್ಲು ಮಾತ್ರ ಉಳೀತು," ಎಂದು ತೇಜಸ್ವಿನಿ ಪೆಟ್ಟಿಗೆಯೊಳಗೆ ಗ್ಲೌಸಿನ ಕೈಯಿಟ್ಟಳು.

ತೇಜಸ್ವಿನಿಯನ್ನು ಸಂಜೀವಯ್ಯ ನಾಲ್ಕು ವರ್ಷದಿಂದ ಬಲ್ಲ. ಪಿಎಚ್‌ಡಿಯ ಹುಡುಗಿ. ಮೊದಲ ಸಲ ಕ್ಯಾಮೆರಾ ಹಿಡಿದು ಬಂದಾಗ ಇವನೇ ಎಲ್ಲ ಪೆಟ್ಟಿಗೆ ತೆಗೆದುಕೊಟ್ಟು, ಕೆಳಗಿನ ಹೋಟೆಲಿನಿಂದ ಕಾಫಿ ತರಿಸಿಕೊಟ್ಟಿದ್ದ. "ಅಂಕಲ್, ನೀವಿಲ್ದಿದ್ರೆ ಈ ಮ್ಯೂಸಿಯಂ ಇಲ್ಲ" ಎಂದು ಅವಳು ಆಗಾಗ ಅನ್ನುವುದಿತ್ತು. ಅಂದಾಗಲೆಲ್ಲ ಇವನು ಏನೂ ಕೇಳಿಸದವನ ಹಾಗೆ ಕಿಟಕಿ ಒರೆಸಲು ಹೋಗುತ್ತಿದ್ದ. ಒಳಗೊಳಗೆ ಹಿಗ್ಗುತ್ತಿದ್ದ ಅನ್ನುವುದನ್ನೇನು ಬೇರೆ ಹೇಳಬೇಕಿಲ್ಲ.

ಈಗ ಅವಳು ಒಂದು ಕೊಡಲಿಯನ್ನು ಎತ್ತಿ ಮಗುಚಿದಳು. ಸಂಜೀವಯ್ಯ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಎಲ್ರೂ ಇದರ ಮುಂದುಗಡೆ ನೋಡ್ತಾರೆ. ನಾನು ತಿರುಗಿಸಿ ನೋಡ್ದೆ. ನಾನ್ ಮಾಡಿದ್ದು ಅಷ್ಟೇ," ಎಂದು ಅವಳು ಕಲ್ಲಿನ ಅಡಿಭಾಗವನ್ನು ಬೆಳಕಿಗೆ ಹಿಡಿದಳು. "ಇಲ್ಲಿ ನೋಡಿ, ಕೆಂಪು. ಹದಿನಾಲ್ಕು ಮಿಲಿಮೀಟರ್ ಅಗಲ, ದುಂಡಗೆ. ಬೆರಳ ತುದಿಯಷ್ಟು. ಮಧ್ಯದಲ್ಲಿ ಓರೆಯಾಗಿ ಸಣ್ಣ ಗೆರೆ ಇದೆ, ಅಲ್ಲಿ ಮಾತ್ರ ಬಣ್ಣ ಹತ್ತಿಲ್ಲ. ಐದೂ ಕೊಡಲೀಲಿ ಇದೇ ಗುರುತು, ಇದೇ ಜಾಗ. ಇವುಗಳಲ್ಲಿ ಎರಡು ಹುಳಿಮಾವು ಕೆರೆ ಅಂಗಳದಲ್ಲಿ ಸಿಕ್ಕಿದ್ದು. ಮೂರು ಬಳ್ಳಾರಿ ಕಡೆಯವು. ನಾಲ್ಕು ಸಾವಿರ ವರ್ಷದ ಹಿಂದೆ ಮುನ್ನೂರು ಕಿಲೋಮೀಟರ್ ದೂರದ ಜನ ಒಂದೇ ಗುರುತು ಹಾಕ್ತಿದ್ರು. ಇದನ್ನೇ ಇವತ್ತು ಮಧ್ಯಾಹ್ನ ಹೇಳ್ತೀನಿ."

ಪ್ರೊಫೆಸರುಗಳು ಒತ್ತಿಕೊಂಡು ಮುಂದೆ ಬಂದರು. ಯಾರೋ ಮೊಬೈಲಿನ ಟಾರ್ಚು ಹಾಕಿದರು. ವಿಜಯಕುಮಾರ್ ಮದುವೆಮನೆಯ ಯಜಮಾನನ ಹಾಗೆ ಎಲ್ಲರಿಗೂ ಜಾಗ ಮಾಡಿಕೊಟ್ಟು, "ನಮ್ಮ ಮ್ಯೂಸಿಯಮ್ಮಿನ ಕಲೆಕ್ಷನ್ನು" ಎಂದು ಎರಡು ಸಲ ಅಂದರು.

"ಬೆರಳೇ ಅಂತೀರೇನು?" ಗುರುಶಾಂತಪ್ಪ ಮೂಗು ತಾಗುವಷ್ಟು ಬಗ್ಗಿದ್ದರು.

"ಬೆರಳೇ ಸರ್. ಯಾರೋ ಒಬ್ರು ಈ ಕಲ್ಲನ್ನ ಅಂಗೈಲಿಟ್ಕೊಂಡು ಒತ್ತಿದಾರೆ. ಯಾಕೆ ಅಂತ ಗೊತ್ತಿಲ್ಲ. ಪ್ರೀತಿಯಿಂದ ಒತ್ತಿದಾರೆ ಅಂತ ನನಗನ್ಸುತ್ತೆ, ಆದ್ರೆ ಅದನ್ನ ಪೇಪರಲ್ಲಿ ಬರೆಯೋಕಾಗಲ್ಲ."

ಎಲ್ಲರೂ ನಕ್ಕರು. ಸಂಜೀವಯ್ಯ ನಗಲಿಲ್ಲ. ಬಿಳಿ ಗ್ಲೌಸಿನೊಳಗೆ ಅವನ ಬಲಗೈಯ ಉಂಗುರ ಬೆರಳು ಬೆವತುಹೋಗಿತ್ತು.

ಹೇಳಿಬಿಡೋಣ, ಮುಚ್ಚಿಡುವುದೇನಿದೆ. ಆ ಬೊಟ್ಟು ಇಟ್ಟವನು ಅವನೇ.

ಅವನು ಕೆಲಸಕ್ಕೆ ಸೇರಿದ ವರ್ಷದ ಆಯುಧಪೂಜೆ. ಆಫೀಸಿನಲ್ಲಿ ಟೈಪ್‌ರೈಟರಿಗೆ ಹೂವಿಟ್ಟರು, ಆಗಿನ ಡೈರೆಕ್ಟರ ಸ್ಕೂಟರಿಗೆ ಬಾಳೆಕಂದು ಕಟ್ಟಿದರು, ಸ್ಟೇಪ್ಲರಿಗೆ ಕೂಡ ಕುಂಕುಮ ಬಿತ್ತು. ಎಲ್ಲರೂ ಕಡಲೆಪುರಿ ತಿಂದು ಮನೆಗೆ ಹೋದ ಮೇಲೆ ಸಂಜೀವಯ್ಯ ಮೇಲಿನ ಮಹಡಿಯ ಕಿಟಕಿ ಹಾಕಲು ಬಂದ. ಪೆಟ್ಟಿಗೆಯಲ್ಲಿ ಐದು ಕೊಡಲಿ ಮಲಗಿದ್ದವು. ಈ ಕಟ್ಟಡದಲ್ಲಿರುವ ಆಯುಧಗಳಲ್ಲೆಲ್ಲ ಹಳೆಯವು ಅವೇ, ಅವಕ್ಕೇ ಪೂಜೆಯಿಲ್ಲ. ಅವನ ಅಪ್ಪ ಉತ್ತರಹಳ್ಳಿಯ ಕಡೆ ಬಂಡೆ ಒಡೆಯುತ್ತಿದ್ದವನು. ವರ್ಷವೆಲ್ಲ ಬೈದುಕೊಂಡು ಹಿಡಿದ ಉಳಿ ಸುತ್ತಿಗೆಗಳನ್ನು ಅವತ್ತೊಂದು ದಿನ ತೊಳೆದು, ಹರಳೆಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟು, ಮಲಗಿದ ಕೂಸಿನ ಹತ್ತಿರ ನಡೆದಾಡುವ ಹಾಗೆ ಮೆಲ್ಲಗೆ ನಡೆದಾಡುತ್ತಿದ್ದ. "ಇವತ್ತು ಅವಕ್ಕೆ ರಜಾ ಕಣ್ಲಾ" ಅನ್ನುತ್ತಿದ್ದ. ಸ್ಟೇಪ್ಲರಿಗೆ ಸಿಕ್ಕಿದ ಮರ್ಯಾದೆ ಇವಕ್ಕೆ ಬೇಡವೇ ಎಂದು ಸಂಜೀವಯ್ಯನಿಗೆ ಅನ್ನಿಸಿತು. ಬೀಗ ತೆಗೆದು ಐದಕ್ಕೂ ಅಪ್ಪನ ಹಾಗೆಯೇ ಎಣ್ಣೆಕುಂಕುಮದ ಬೊಟ್ಟಿಟ್ಟ.

ಮಾರನೇ ದಿನ ಡೈರೆಕ್ಟರು ಕಂಡು ಸಿಡಿಮಿಡಿಗೊಂಡರು. "ಇದು ಮ್ಯೂಸಿಯಂ ಕಣಯ್ಯ, ದೇವಸ್ಥಾನ ಅಲ್ಲ." ಒರೆಸಿದ. ಮುಂದಿನ ವರ್ಷದಿಂದ ಬೊಟ್ಟು ಯಾರಿಗೂ ಕಾಣದ ಅಡಿಮಗ್ಗುಲಿಗೆ ಹೋಯಿತು. ಸಂಜೆ ಇಡುವುದು, ಮಾರನೇ ಬೆಳಿಗ್ಗೆ ಒರೆಸುವುದು. ಅದೇ ಕೈ, ಅದೇ ಹಿಡಿತ, ಅದೇ ಜಾಗ. ಎಣ್ಣೆ ಕುಡಿದ ಕಲ್ಲು ಅಷ್ಟಷ್ಟು ಕೆಂಪನ್ನು ತನ್ನಲ್ಲೇ ಇಟ್ಟುಕೊಳ್ಳುತ್ತ ಬಂತು. ಇನ್ನು ಆ ಓರೆ ಗೆರೆ. ಸರ್ವೀಸಿನ ಎರಡನೇ ವರ್ಷ ಇದೇ ಪೆಟ್ಟಿಗೆಯ ಗಾಜು ಒಡೆದು ಉಂಗುರ ಬೆರಳಿನ ತುದಿ ಸೀಳಿ ಮೂರು ಹೊಲಿಗೆ ಬಿದ್ದಿದ್ದವು. ಗಾಯ ಮಾಗಿತು, ಕುಳಿ ಉಳಿಯಿತು.

ಅದು ನಾಲ್ಕು ಸಾವಿರ ವರ್ಷದ ಗುರುತಾಗಿ ಕೂತಿದೆ ಎಂದು ಅವನಿಗೆ ಕನಸೂ ಬಿದ್ದಿರಲಿಲ್ಲ. ತೇಜಸ್ವಿನಿ ಕೊಡಲಿಗಳನ್ನು ಮಗುಚಿ ಫೋಟೋ ತೆಗೆದ ದಿನ ಹೆದರಿದ್ದ ನಿಜ. ಅವಳು ಏನೂ ಕೇಳಲಿಲ್ಲವಾಗಿ, ಕಾಣಲಿಲ್ಲ ಬಿಡು ಅಂದುಕೊಂಡು ಸುಮ್ಮನಾಗಿದ್ದ.

ಸಮ್ಮೇಳನ ಮುಗಿಯುವವರೆಗೆ ಬಸ್ಸಿನಲ್ಲಿ ನೀರಿನ ಬಾಟಲಿ, ಬಿಸ್ಕತ್ತು, ಸಭೆಯಲ್ಲಿ ಕಾಫಿ ಹಂಚುವ ಕೆಲಸವೂ ಅವನದೇ. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇ ಬಿಟ್ಟಿತ್ತು. ತೇಜಸ್ವಿನಿ ಕಿಟಕಿಯ ಸೀಟಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರಗಳನ್ನು ಹಿಂದೆ ಮುಂದೆ ಮಾಡುತ್ತಿದ್ದಳು.

"ಭಯ ಆಗ್ತಿದೆ ಅಂಕಲ್," ಎಂದಳು ಬಾಟಲಿ ತೆಗೆದುಕೊಳ್ಳುತ್ತ. "ಫೆಲೋಶಿಪ್ ಕಮಿಟಿಯವರು ಮೂರೂ ಜನ ಮುಂದಿನ ಸಾಲಲ್ಲೇ ಕೂತಿರ್ತಾರೆ. ಈ ಪೇಪರ್ ಹಿಡಿಸಿದ್ರೆ ಇನ್ನೆರಡು ವರ್ಷ ಕೆಲಸ ಮುಂದುವರಿಸ್ಬಹುದು. ಇಲ್ದಿದ್ರೆ ಇಲ್ಲಿಗೇ ಸ್ಟಾಪ್. ಗೈಡು ಖಡಾಖಂಡಿತವಾಗಿ ಹೇಳ್ಬಿಟ್ಟಿದಾರೆ."

"ಆ ಬಣ್ಣಾನ ಪರೀಕ್ಷೆ ಗಿರೀಕ್ಷೆ ಮಾಡಿಸೋದಿಲ್ವಾ ಮೇಡಂ?"

"ಕಳಿಸಿದೀನಿ. ರಿಪೋರ್ಟ್ ಬರೋದು ಮುಂದಿನ ತಿಂಗಳು. ಅಲ್ಲೀವರೆಗೆ ಕಾಯ್ತಾ ಕೂತ್ರೆ ಕಮಿಟಿ ಕಾಯಲ್ಲ." ಅವಳು ನಕ್ಕಳು. "ಯಾಕೆ, ನಿಮಗೂ ಡೌಟಾ?"

ಅವನು ಅವಳ ಕೈಗೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟು ಹಿಂದಿನ ಸೀಟಿಗೆ ಹೋದ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ವಿಜಯಕುಮಾರರ ಕಾನೂನಿನಲ್ಲಿ ಗ್ಲೌಸಿಲ್ಲದೆ ಮುಟ್ಟಿದರೇ ಮೆಮೊ. ಮೂವತ್ತೊಂದು ವರ್ಷ ಎಣ್ಣೆ ಕುಂಕುಮ ಬಳಿದವನಿಗೆ ಏನು ಕೊಟ್ಟಾರು? ಮನೆಗೆ ಫೋನು ಮಾಡಿ ಹೆಂಡತಿ ಯಲ್ಲಮ್ಮನನ್ನು ಕೇಳೋಣವೆಂದು ಮೊಬೈಲ್ ತೆಗೆದ. "ನಾಲ್ಕ್ ತಿಂಗ್ಳು ಬಾಯ್ ಮುಚ್ಕೊಂಡಿರಕ್ಕೆ ಏನ್ ಧಾಡಿ ನಿಮ್ಗೆ" ಅನ್ನುತ್ತಾಳೆ, ಖಂಡಿತ. ಮೊಬೈಲನ್ನು ಮತ್ತೆ ಜೇಬಿಗೆ ಹಾಕಿದ. ಅವಳು ಹಾಗೆ ಅಂದರೆ ಒಪ್ಪಿಬಿಟ್ಟೇನು ಎಂಬ ಹೆದರಿಕೆ ಅವನಿಗೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ರಿಪೋರ್ಟು ಬರುತ್ತದೆ, ಇದು ಅಂಗಡಿ ಕುಂಕುಮ ಅನ್ನುತ್ತದೆ. ಯಾರದ್ದೋ ಕಿತಾಪತಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅಷ್ಟು ಹೊತ್ತಿಗೆ ಈ ಹುಡುಗಿ ಸಭೆಯಲ್ಲಿ ನಿಂತು ಹೇಳಿ ಆಗಿರುತ್ತದೆ, ಅಚ್ಚಾಗಿರುತ್ತದೆ. ಕುಂಕುಮವನ್ನೇ ಗುರುತಿಸದವಳು ಎಂದು ಊರೂರಿನ ಪ್ರೊಫೆಸರುಗಳು ಕಾಫಿ ಕುಡಿಯುತ್ತ ನಗುತ್ತಾರೆ. ಆ ನಗು ಅವನಿಗೆ ಆಗಲೇ ಕೇಳಿಸತೊಡಗಿತ್ತು.

ವಸಂತಪುರದ ಗುಡ್ಡ ಹತ್ತುವಾಗ ಗುರುಶಾಂತಪ್ಪ ಅವನ ಭುಜ ಹಿಡಿದುಕೊಂಡರು. ಎರಡು ಮೆಟ್ಟಿಲಿಗೊಮ್ಮೆ ನಿಲ್ಲುವುದು, ನಿಂತಲ್ಲಿ ಏನಾದರೂ ಕೇಳುವುದು.

"ಮೂವತ್ತು ವರ್ಷ ಆ ಕಲ್ಲುಗಳ ಜೋಡಿ ಇದ್ದೀರಿ. ಅವನ್ನ ಮಾಡಿದವ್ರು ಯಾರಿರಬೇಕು ಅಂತ ಎಂದಾದ್ರೂ ವಿಚಾರ ಮಾಡೀರೇನು?"

"ದಿನಾ ಯೋಚ್ನೆ ಮಾಡ್ತೀನಿ ಸಾರ್." ಅದು ಸತ್ಯ. ಧೂಳು ಒರೆಸುವಾಗ ಕೊಡಲಿಯನ್ನು ಅಂಗೈಯಲ್ಲಿ ಕೂರಿಸಿ ನೋಡುತ್ತಿದ್ದ. ಎಷ್ಟು ನುಣುಪಾಗಿ ಉಜ್ಜಿದ್ದಾನೆ ಪುಣ್ಯಾತ್ಮ. ಎಷ್ಟು ದಿನ ಹಿಡಿಯಿತೋ, ಯಾರು ಅನ್ನ ಹಾಕಿದರೋ, ಮಗನಿಗೆ ಕೊಟ್ಟನೋ ಕಳೆದುಕೊಂಡನೋ. "ಲೇಬಲ್ ಮೇಲೆ ಕಲ್ಲಿನ ಹೆಸರಿದೆ, ಊರಿನ ಹೆಸರಿದೆ, ಕೊಟ್ಟೋರ ಹೆಸರಿದೆ. ಮಾಡ್ದೋನ ಹೆಸರಿಲ್ಲ ಸಾರ್."

"ಇರೋದಿಲ್ಲ ನೋಡ್ರಿ. ನಲವತ್ತು ವರ್ಷ ನಾನೂ ಕಲ್ಲುಗಳನ್ನ ಕೇಳೀನಿ. ಯಾಕ ಮಾಡಿದಿ, ಯಾರ ಸಲುವಾಗಿ ಮಾಡಿದಿ. ಒಂದೂ ಬಾಯಿ ಬಿಡಲಿಲ್ಲ," ಎಂದು ಮೇಷ್ಟ್ರು ಮತ್ತೆ ಮೆಟ್ಟಿಲು ಹತ್ತಿದರು.

ಮೇಲೆ ಎಲ್ಲರೂ ಕಂಬಗಳ ಕೆತ್ತನೆ ನೋಡುತ್ತ ಚದುರಿದರು. ಅಮ್ಮನವರ ಗುಡಿಯಲ್ಲಿ ಅರ್ಚಕರು ಸಂಜೀವಯ್ಯನ ಅಂಗೈಗೆ ಒಂದು ಚಿಟಿಕೆ ಕುಂಕುಮ ಹಾಕಿದರು. ಹಣೆಗಿಟ್ಟುಕೊಂಡ. ಉಳಿದದ್ದು ಅಂಗೈಯಲ್ಲೇ ಇತ್ತು. ಅದನ್ನು ಏನು ಮಾಡುವುದೆಂದು ತೋಚದೆ ಒಂದು ಗಳಿಗೆ ನಿಂತ. ಪಕ್ಕದಲ್ಲಿ ದೀಪದ ಕಂಬ, ಅದರ ತಟ್ಟೆಯಲ್ಲಿ ಸೋರಿದ ಎಣ್ಣೆ.

ತೇಜಸ್ವಿನಿ ಹೊರಗಿನ ಜಗಲಿಯ ಮೇಲೆ ಒಬ್ಬಳೇ ಕೂತು ದೊನ್ನೆಯಲ್ಲಿ ಪುಳಿಯೋಗರೆ ತಿನ್ನುತ್ತಿದ್ದಳು. ಸಂಜೀವಯ್ಯ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಪ್ರವಾಸದ ಕಾರ್ಯಕ್ರಮದ ಚೀಟಿಯನ್ನು ಜೇಬಿನಿಂದ ತೆಗೆದು, ಅದರ ಖಾಲಿ ಬೆನ್ನನ್ನು ಕಲ್ಲಿನ ಮೇಲೆ ಹರವಿದ. ಎಣ್ಣೆಯಲ್ಲಿ ಅದ್ದಿದ್ದ ಉಂಗುರ ಬೆರಳನ್ನು ಅಂಗೈಯ ಕುಂಕುಮದಲ್ಲಿ ಆಡಿಸಿ, ಕಾಗದದ ಮೇಲೆ ಒತ್ತಿದ. ಬೆರಳೆತ್ತಿದ ಮೇಲೆ ಚೀಟಿಯನ್ನು ಅವಳ ಕಡೆ ತಿರುಗಿಸಿದ.

ಅವಳು ಮೊದಲು ಅವನ ಮುಖ ನೋಡಿದಳು. ಆಮೇಲೆ ಚೀಟಿ ನೋಡಿದಳು. ದೊನ್ನೆ ಪಕ್ಕಕ್ಕಿಟ್ಟಳು. ದುಂಡನೆಯ ಕೆಂಪು, ಮಧ್ಯೆ ಓರೆಯಾಗಿ ಒಂದು ಬಿಳಿ ಗೆರೆ.

"ಎಷ್ಟು ವರ್ಷದಿಂದ?" ಎಂದು ಕೇಳಿದಳು.

"ಮೂವತ್ತೊಂದು. ಪ್ರತಿ ಆಯುಧಪೂಜೆ."

"ಅಡಿಲಿ ಯಾಕೆ?"

"ಮೇಲಿಟ್ರೆ ಬೈತಿದ್ರು ಮೇಡಂ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಾಳೆಂದು ಸಂಜೀವಯ್ಯ ಗಾಬರಿಯಾದ. ಕೈ ತೆಗೆದಾಗ ಕಣ್ಣು ಒಣಗಿದ್ದವು, ಮುಖ ಮಾತ್ರ ಜ್ವರ ಬಂದವರ ಮುಖ.

"ಮುನ್ನೂರು ಕಿಲೋಮೀಟರ್," ಎಂದಳು. "ಒಂದೇ ಗಾಜಿನ ಪೆಟ್ಟಿಗೇಲಿ ಇದ್ವು. ಅದು ನನಗೆ ಹೊಳೀಲೇ ಇಲ್ಲ ನೋಡಿ. ನಾಲ್ಕು ವರ್ಷ ನಿಮ್ಮ ಬೆರಳನ್ನ ಓದ್ತಾ ಕೂತಿದ್ದೆ."

"ತಪ್ಪಾಯ್ತು ಮೇಡಂ."

"ನೀವು ಹೇಳ್ದೇ ಇದ್ದಿದ್ರೆ ಯಾರ ಬೆರಳು ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನೀವು ಮೈಕ್ ಹಿಡ್ಕೊಂಡು ಹೇಳ್ತಿರ್ತೀರಿ, ನಾನು ಹಿಂದೆ ಕಾಫಿ ಕೊಡ್ತಾ ಕೇಳಿಸ್ಕೊಬೇಕು. ಅದು ನನ್ ಕೈಲಾಗಲ್ಲ," ಎಂದ. "ನೀವು ಒಂದು ಮಾತು ಸರಿಯಾಗೇ ಹೇಳಿದ್ರಿ. ಪ್ರೀತಿಯಿಂದ ಅಂತ. ಅದೊಂದು ಸುಳ್ಳಲ್ಲ."

ಅವಳು ಚೀಟಿಯನ್ನು ಕೆಂಪು ಹರಡದ ಹಾಗೆ ತುದಿಯಲ್ಲಿ ಹಿಡಿದುಕೊಂಡು ಎದ್ದು ಹೋದಳು. ಅವಳು ಬಿಟ್ಟುಹೋದ ದೊನ್ನೆಯನ್ನು ಸಂಜೀವಯ್ಯ ಎತ್ತಿ ಕಸದ ಬುಟ್ಟಿಗೆ ಹಾಕಿದ.

ಹಿಂತಿರುಗುವಾಗ ಬಸ್ಸಿನಲ್ಲಿ ಅವಳದು ಒಂದೇ ಕೆಲಸ: ಲ್ಯಾಪ್‌ಟಾಪನ್ನು ತೆರೆಯುವುದು, ಮುಚ್ಚುವುದು. ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಎದ್ದು ಹಿಂದಿನ ಸೀಟಿಗೆ ಬಂದಳು.

"ಅಂಕಲ್, ಕೈ ಕೊಡಿ."

ಕೊಟ್ಟ. ಅವಳು ಬ್ಯಾಗಿನಿಂದ ಕಪ್ಪು ಬಿಳಿ ಮನೆಗಳ ಪುಟ್ಟ ಅಳತೆಪಟ್ಟಿ ತೆಗೆದಳು. ಮಡಕೆ ಚೂರು, ಕೊಡಲಿ, ನಾಣ್ಯ, ಏನೇ ಫೋಟೋ ತೆಗೆದರೂ ಪಕ್ಕದಲ್ಲಿಡುವ ಪಟ್ಟಿ ಅದು. ಅದನ್ನು ಅವನ ಉಂಗುರ ಬೆರಳಿಗೆ ತಾಗಿಸಿಟ್ಟು, ಬಸ್ಸು ಅಲುಗಾಡದ ಕ್ಷಣ ನೋಡಿಕೊಂಡು ಮೂರು ಫೋಟೋ ತೆಗೆದಳು.

"ಹದಿನಾಲ್ಕು ಮಿಲಿಮೀಟರ್," ಎಂದಳು. ಆಮೇಲೆ, "ಹೆಸರು ಹಾಕ್ಲಾ, ಬೇಡ್ವಾ? ಬೇಡ ಅಂದ್ರೆ ಹಾಕಲ್ಲ. ವಿಜಯಕುಮಾರ್ ಸಾರ್ ಎದುರಿಗೇ ಇರ್ತಾರೆ."

ಸಂಜೀವಯ್ಯ ಮುಂದಿನ ಸೀಟಿನಲ್ಲಿ ಕಾಣುತ್ತಿದ್ದ ಡೈರೆಕ್ಟರ ನುಣ್ಣನೆಯ ತಲೆಯನ್ನು ನೋಡಿದ. ನಾಲ್ಕು ತಿಂಗಳು. ಯಲ್ಲಮ್ಮನ ಮುಖ ಕಣ್ಣ ಮುಂದೆ ಬಂದು ಬಯ್ಯಲು ಬಾಯಿ ತೆರೆಯಿತು.

"ಹಾಕಿ," ಎಂದ. "ಪೂರ್ತಿ ಹಾಕಿ."

ಮೂರು ಗಂಟೆಗೆ ಸಭಾಂಗಣ ತುಂಬಿತ್ತು. ಸಂಜೀವಯ್ಯ ಖಾಲಿ ಕಪ್ಪುಗಳ ಟ್ರೇ ಹಿಡಿದು ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿದ್ದ. ತೇಜಸ್ವಿನಿ ವೇದಿಕೆಗೆ ಹೋದಳು. ಬೆಳಿಗ್ಗೆ ಎಲ್ಲರೂ ಕಂಡಿದ್ದ ಕೊಡಲಿಗಳು ಪರದೆಯ ಮೇಲೆ ಬಂದವು, ಕೆಂಪು ಗುರುತು ಬಂತು, ಅಳತೆ ಬಂತು.

"ಈ ಗುರುತು ನಾಲ್ಕು ಸಾವಿರ ವರ್ಷ ಹಳೆಯದು ಅಂತ ನಾನು ಬರೆದಿದ್ದೆ. ತಪ್ಪು ನನ್ನದು. ಇದನ್ನ ಮಾಡಿದವರು ಯಾರು ಅಂತ ಇವತ್ತು ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ನನಗೆ ಗೊತ್ತಾಯಿತು."

ಪರದೆ ಬದಲಾಯಿತು. ಬೆರಳು. ಬಾಗಿಲಿನಷ್ಟು ಎತ್ತರದ ಒಂದು ಉಂಗುರ ಬೆರಳು. ತುದಿಯಲ್ಲಿ ಓರೆಯಾದ ಕುಳಿ, ಉಗುರಿನ ಸಂದಿಯಲ್ಲಿ ಕುಂಕುಮ, ಪಕ್ಕದಲ್ಲಿ ಕಪ್ಪು ಬಿಳಿ ಮನೆಗಳ ಪಟ್ಟಿ. ಕೆಳಗೆ ಮ್ಯೂಸಿಯಮ್ಮಿನ ಲೇಬಲ್ಲಿನದೇ ಅಕ್ಷರಗಳಲ್ಲಿ ಒಂದು ಸಾಲು: ಸಂಜೀವಯ್ಯ, ಅಟೆಂಡರ್, ಜಯನಗರ. ಪ್ರತಿ ಆಯುಧಪೂಜೆ.

ಸಭೆಯಲ್ಲಿ ಗುಜುಗುಜು ಎದ್ದಿತು, ಎರಡು ಕಡೆ ನಗುವೂ ಎದ್ದಿತು. ಮುಂದಿನ ಸಾಲಿನ ಮೂವರಲ್ಲಿ ಒಬ್ಬರು ಪೆನ್ನು ಮುಚ್ಚಿಟ್ಟರು. ವಿಜಯಕುಮಾರ್ ಕುರ್ಚಿಯಲ್ಲೇ ಪೂರ್ತಿ ಹಿಂದೆ ತಿರುಗಿ ಗೋಡೆಯ ಬಳಿ ಹುಡುಕಿದರು. ಅವರ ಕಣ್ಣಿಗೆ ಸಿಕ್ಕಿದ ಸಂಜೀವಯ್ಯ ತಲೆ ತಗ್ಗಿಸಲಿಲ್ಲ. ತೇಜಸ್ವಿನಿ ವೇದಿಕೆಯ ಮೇಲೆ ನೆಟ್ಟಗೆ ನಿಂತೇ ಇದ್ದಳು.

"ನನ್ನ ಪ್ರಬಂಧ ಇಷ್ಟೇ," ಎಂದಳು.

ಆಗ ಮೂರನೆಯ ಸಾಲಿನಲ್ಲಿ ಗುರುಶಾಂತಪ್ಪ ಎದ್ದು ನಿಂತರು. ಅವರಿಗೆ ಮೈಕು ಕೊಟ್ಟರು.

"ಪ್ರಶ್ನೆ ನಿಮಗಲ್ಲ ತಂಗಿ," ಎಂದರು. "ಇಟ್ಟವ್ರು ಇಲ್ಲೇ ಇದ್ದಾರಲ್ಲ, ಅವರಿಗೆ. ಮುಂಜಾನೆ ಮೆಟ್ಟಲ ಹತ್ತೂವಾಗ ನಾ ಅವರ ಹೆಗಲ ಹಿಡಕೊಂಡೇ ಇದ್ದೆ, ಗೊತ್ತಾಗ್ಲಿಲ್ಲ. ಯಾಕ ಇಟ್ರಿ ಅಂತ ಕೇಳಬೇಕು. ಹಿಂಗ ಕೇಳಲಿಕ್ಕೆ ನಮಗ ಯಾರೂ ಸಿಗೂದಿಲ್ರೀ."

ಮೈಕು ಅವರ ಕೈಯಿಂದ ಹಿಂದಿನ ಸಾಲಿಗೆ ಹೋಯಿತು, ಅಲ್ಲಿಂದ ಅದರ ಹಿಂದಿನ ಸಾಲಿಗೆ. ಮೂವತ್ತೊಂದು ವರ್ಷ ಎಷ್ಟೋ ಸಭೆಗಳಲ್ಲಿ ಸಂಜೀವಯ್ಯ ಅದನ್ನು ಓಡಾಡಿ ಬೇರೆಯವರಿಗೆ ಕೊಟ್ಟಿದ್ದ. ಈಗ ಅದು ತಾನಾಗಿಯೇ ಕೈಯಿಂದ ಕೈಗೆ ಅವನ ಕಡೆ ಬರುತ್ತಿತ್ತು. ತೇಜಸ್ವಿನಿಯೂ ಕಾಯುತ್ತ ಅವನನ್ನೇ ನೋಡುತ್ತಿದ್ದಳು. ಅವನು ಟ್ರೇಯನ್ನು ಖಾಲಿ ಕುರ್ಚಿಯ ಮೇಲಿಟ್ಟು, ಬಲಗೈಯನ್ನು ಪ್ಯಾಂಟಿಗೆ ಒಂದು ಸಲ ಒರೆಸಿದ, ಇನ್ನೊಂದು ಸಲ ಒರೆಸಿದ. ಬೆರಳ ತುದಿಯ ಕೆಂಪು ಹೋಗಲಿಲ್ಲ. ಹಾಗೆಯೇ ಕೈ ಚಾಚಿದ.